ಯಾರ ಹವಾಲಿಗೆ?



ಆಳಂದ ಸೀಮೆಯ ಮಟಕಿಯ ಈ ದತ್ತಿ ಉಪನ್ಯಾಸದಲ್ಲಿ, ಆಶ್ರಯ ಬೇಡಿ ಬಂದವರನ್ನು ಬೇರೆ ದೇಶದ ಕೈಗೆ ಒಪ್ಪಿಸುವ ವಿಷಯದ ಮೇಲೆ ಮಾತಾಡುತ್ತೇನೆ ಅಂದಾಗ ಕಾರ್ಯಕ್ರಮದ ಹೊಣೆ ಹೊತ್ತ ಗೆಳೆಯರು ಒಂದು ಗಳಿಗೆ ಸುಮ್ಮನಾದರು. ಆಮೇಲೆ ಮೆಲ್ಲಗೆ, ‘ಸರ, ಆಶ್ರಯ ಬೇಡಿ ಬಂದವರ್ನ ಬ್ಯಾರೆ ದೇಶಕ್ಕ ಸಾಗಸೋದು ಅಂದ್ರ ಲಂಡನ್ನು, ಆಸ್ಟ್ರೇಲಿಯಾದ ಮಾತು ಆಯ್ತಲ್ರೀ. ನಮ್ಮ ಮಂದಿಗಿ ತೊಗರಿ ರೇಟಿಂದು ಹೇಳಿದ್ರ ಛಲೋ ಇತ್ತು’ ಅಂದರು. ತೊಗರಿಯ ವಿಚಾರದಲ್ಲಿ ಈ ಸಭೆಗೆ ಪಾಠ ಹೇಳುವ ಧೈರ್ಯ ನನಗಿಲ್ಲ. ಆಶ್ರಯದ ಮಾತು ಲಂಡನ್ನಿನದೋ ಮಟಕಿಯದೋ ಎಂಬುದನ್ನು ಮಾತ್ರ ನನ್ನ ಆಯಿಯ ಕಥೆ ಕೇಳಿದ ಮೇಲೆ ನೀವೇ ಹೇಳಬೇಕು.

1948ರ ಬೇಸಿಗೆ. ಆಯಿಗೆ ಆಗ ಇಪ್ಪತ್ತರ ಆಸುಪಾಸು, ಕಂಕುಳಲ್ಲಿ ನಮ್ಮಪ್ಪ. ನಿಜಾಮರ ಪರ ನಿಂತ ರಜಾಕಾರರ ದಂಡಿನ ಭಯಕ್ಕೆ ಈ ಭಾಗದ ಊರುಗಳು ರಾತ್ರಿಯಿಂದ ರಾತ್ರಿಗೆ ಖಾಲಿಯಾಗುತ್ತಿದ್ದವು. ಬೀದರ ಕಡೆಯಿಂದ ಗೋರಟಾದ ಕಗ್ಗೊಲೆಯ ಸುದ್ದಿ ಬಂದಿತ್ತು. ಮೇ 22ರಂದು ಗಾಣಗಾಪುರ ನಿಲ್ದಾಣದಲ್ಲಿ ರೈಲಿನ ಮೇಲೆಯೇ ದಾಳಿಯಾಗಿತ್ತು. ನಮ್ಮವರು ರೊಟ್ಟಿಯ ಗಂಟು, ಒಂದು ಹಿಡಿ ಶೇಂಗಾ ಹಿಂಡಿ ಕಟ್ಟಿಕೊಂಡು ಕತ್ತಲಲ್ಲಿ ಮನೆ ಬಿಟ್ಟರು. ಆಯಿಯ ನಡುವಿಗೆ ಕಟ್ಟಿದ ಚಂಚಿಯಲ್ಲಿ ಹಾಲಿ ಸಿಕ್ಕಾ, ಅಂದರೆ ನಿಜಾಮರ ರೂಪಾಯಿ. ದಾರಿಯಲ್ಲಿ ಕರೋಡಗಿರಿ ನಾಕಾ, ನಿಜಾಮರ ಸುಂಕದ ಕಟ್ಟೆ. ಅದನ್ನು ತಪ್ಪಿಸಿ ಹೊಲದ ಬದುವಿನ ಮೇಲೆ ಹಾಯ್ದು, ಎರಡನೆಯ ದಿನ ನಸುಕಿಗೆ ಗಡಿಯಾಚೆ ಸೋಲಾಪುರ ಸೀಮೆಯ ದುಧನಿ ಮುಟ್ಟಿದರು. ಅಲ್ಲಿ ಬೇವಿನ ಗಿಡದ ಕೆಳಗೆ ಮೇಜು ಹಾಕಿಕೊಂಡು ಒಬ್ಬ ಹೆಸರು ಬರೆದುಕೊಳ್ಳುತ್ತಿದ್ದ. ಅವನು ಮೊದಲು ಕೇಳಿದ್ದು ಊರಲ್ಲ, ಜಾತಿಯೂ ಅಲ್ಲ. ‘ಈ ಕಡಿ ನಿಮ್ಮವರು ಅಂತ ಯಾರ ಅದಾರ?’ ಎಂದು ಕೇಳಿದ. ಅದಕ್ಕೆ ಬಂದ ಉತ್ತರವನ್ನು ಕೊನೆಗೆ ಹೇಳುತ್ತೇನೆ.

ಆ ದಿನ ಅವಳು ದಾಟಿದ್ದು ಒಂದು ಜಿಲ್ಲೆಯ ಗಡಿಯನ್ನಲ್ಲ. 1947ರ ನವೆಂಬರ್ 29ರಂದು ನಿಜಾಮರು ದಿಲ್ಲಿಯ ಜೊತೆ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿದ್ದರೇ ಹೊರತು ಭಾರತದಲ್ಲಿ ಸೇರಿರಲಿಲ್ಲ. ನಾಣ್ಯ ಬೇರೆ, ಅಂಚೆ ಚೀಟಿ ಬೇರೆ, ಸುಂಕ ಬೇರೆ. ಲೆಕ್ಕದ ಪ್ರಕಾರ ಏಳು ಹಾಲಿಗೆ ಆರು ಕಲ್ದಾರ, ಅಂದರೆ ಭಾರತದ ರೂಪಾಯಿ, ಸಿಗಬೇಕು. ಗಡಿಯಲ್ಲಿ ಕೂತ ಸರಾಫ ಹೆದರಿ ಬಂದವರ ಮುಖ ನೋಡಿ ಅದಕ್ಕೂ ಕಡಿಮೆ ಎಣಿಸುತ್ತಿದ್ದನಂತೆ. ಸಾಲದ್ದಕ್ಕೆ ಆ ದಿನಗಳಲ್ಲಿ ಹೈದರಾಬಾದ್ ಸರಕಾರ ಭಾರತದ ರೂಪಾಯಿ ತನ್ನ ನೆಲದಲ್ಲಿ ನಡೆಯದಂತೆ ಹುಕುಂ ಮಾಡಿತ್ತು. ಕಾಗದದ ಮೇಲೆ ಆಯಿ ನಿಜಾಮರ ಪ್ರಜೆ. ಸೋಲಾಪುರದ ಕಡೆಯವರಿಗೆ ಹೊರಗಿನವಳು. ಇಂದಿನ ಕಾನೂನಿನ ಮಾತಿನಲ್ಲಿ ಹೇಳುವುದಾದರೆ ಆಶ್ರಯಾರ್ಥಿ.

ಈಗ ಒಂದು ಊಹೆ ಮಾಡಿ ನೋಡಿ. ಸೋಲಾಪುರದ ಕಲೆಕ್ಟರ್ ಸಾಹೇಬರು, ‘ನಮ್ಮಲ್ಲಿ ಜಾಗ ಇಲ್ಲ. ಗೋವಾದ ಪೋರ್ಚುಗೀಸರ ಜೊತೆ ಕರಾರು ಮಾಡಿಕೊಂಡಿದ್ದೇವೆ, ತಲೆಗಿಷ್ಟು ಅಂತ ದುಡ್ಡೂ ಕೊಟ್ಟಿದ್ದೇವೆ. ನಿಮ್ಮನ್ನು ರೈಲು ಹತ್ತಿಸುತ್ತೇವೆ. ರಜಾಕಾರರ ಕಾಟ ನಿಜವೋ ಸುಳ್ಳೋ ಅದನ್ನು ಪಣಜಿಯಲ್ಲಿ ಹೇಳಿಕೊಳ್ಳಿ’ ಅಂದಿದ್ದರೆ? ಆಯಿಗೆ ಕನ್ನಡ ಬರುತ್ತಿತ್ತು, ಮರಾಠಿ ತಿಳಿಯುತ್ತಿತ್ತು, ಪೋರ್ಚುಗೀಸ್ ಭಾಷೆಯ ಹೆಸರೂ ಗೊತ್ತಿರಲಿಲ್ಲ. ಪಣಜಿಯ ಅಧಿಕಾರಿಗೆ ನಮ್ಮ ಆಳಂದ ಎಲ್ಲಿದೆ ಎಂದೇ ತಿಳಿಯದು. ಅವನು ಇವಳನ್ನು ಮರಳಿ ಹೈದರಾಬಾದಿಗೆ ಕಳಿಸುವುದಿಲ್ಲ ಎಂಬುದಕ್ಕೆ ಯಾರ ಜಾಮೀನು? ಜಗತ್ತಿನ ದೊಡ್ಡ ದೊಡ್ಡ ನ್ಯಾಯಾಲಯಗಳು ಕಳೆದ ಹದಿನೈದು ವರ್ಷಗಳಲ್ಲಿ ನೂರಾರು ಪುಟಗಳ ತೀರ್ಪಿನಲ್ಲಿ ಕೇಳಿರುವುದು ಇದೇ ಪ್ರಶ್ನೆಯನ್ನು.

ನಮ್ಮ ಭಾಗದಲ್ಲಿ ಇದಕ್ಕೆ ತಕ್ಕ ಮಾತು ಒಂದಿದೆ: ಹವಾಲಿ. ಕೂಸನ್ನು ಅಜ್ಜಿಯ ಹವಾಲಿ ಮಾಡಿ ಹೊಲಕ್ಕೆ ಹೋಗುತ್ತೇವೆ, ಮನೆಯ ಕೀಲಿಕೈಯನ್ನು ಪಕ್ಕದವರ ಹವಾಲಿ ಮಾಡಿ ಜಾತ್ರೆಗೆ ಹೋಗುತ್ತೇವೆ. ಈ ಮಾತಿಗೆ ಎರಡು ಕೈ ಬೇಕು, ಕೊಡುವುದೊಂದು, ತಗೊಳ್ಳುವುದೊಂದು. ತಗೊಳ್ಳುವ ಕೈ ಇಲ್ಲದೆ ಕೊಟ್ಟರೆ ಅದಕ್ಕೆ ನಾವು ಹವಾಲಿ ಅನ್ನುವುದಿಲ್ಲ, ಒಗೆದು ಬಂದ ಅನ್ನುತ್ತೇವೆ. ನಾನು ಮೂವತ್ತು ಚಿಲ್ಲರೆ ವರ್ಷ ವಕೀಲಿ ಮಾಡಿದವನು. ಪೊಲೀಸರು ಜಪ್ತಿ ಮಾಡಿದ ಒಂದು ಹಳೆಯ ಮೋಟರ್ ಸೈಕಲ್ಲನ್ನು ಬಿಡಿಸಿಕೊಳ್ಳಬೇಕಾದರೆ ಅರ್ಜಿ, ಆರ್‌.ಸಿ. ಪುಸ್ತಕ, ಬಾಂಡು, ಜಾಮೀನುದಾರ, ಫೋಟೋ, ಪಂಚನಾಮೆ, ತಗೊಂಡವನ ರುಜು, ಇಷ್ಟೆಲ್ಲ ಬೇಕು. ರೌಡಿ ಎಂದು ಒಬ್ಬನನ್ನು ಕಲಬುರಗಿಯಿಂದ ಬೇರೆ ಜಿಲ್ಲೆಗೆ ಗಡಿಪಾರು ಮಾಡುವಾಗಲೂ ನೋಟಿಸು ಕೊಟ್ಟು ಅವನ ಮಾತು ಕೇಳಬೇಕು ಎನ್ನುತ್ತದೆ ನಮ್ಮ ಪೊಲೀಸ್ ಕಾಯ್ದೆ. ಹಾಗಿದ್ದ ಮೇಲೆ ಜೀವಭಯದಿಂದ ಬಂದ ಮನುಷ್ಯನನ್ನು ಕಡಲಾಚೆ ಕಳಿಸುವಾಗ ಎಷ್ಟು ಕಾಗದ, ಎಷ್ಟು ಕಿವಿ ಬೇಕಾದೀತು?

ತಗೊಳ್ಳುವ ಕೈ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಈ ಸಭೆಯಲ್ಲಿ ಕೂತ ಹಲವರು ಮೈಮೇಲೆ ಉಂಡಿದ್ದೀರಿ. 2020ರ ಮೇ ತಿಂಗಳು, ಕೊರೋನಾ ಕಾಲ. ಮುಂಬಯಿ, ಪುಣೆಯಿಂದ ಹೊರಟ ನಮ್ಮ ದುಡಿಯುವ ಮಂದಿ ಸೋಲಾಪುರ ದಾಟಿ ಹಿರೋಳಿ ಚೆಕ್‌ಪೋಸ್ಟಿಗೆ ಬಂದು ನಿಂತರು. ಆ ಕಡೆಯವರು ಹೊರಡಿ ಅಂದಿದ್ದರು, ಈ ಕಡೆಯವರು ಕೆಲವು ದಿನ ಮಹಾರಾಷ್ಟ್ರದಿಂದ ಬರುವವರಿಗೆ ಬಾಗಿಲು ಹಾಕಿದ್ದರು. ಆಧಾರ್ ಕಾರ್ಡಿನಲ್ಲಿ ಆಳಂದ ತಾಲ್ಲೂಕು ಅಂತಲೇ ಇತ್ತು. ಕೊಡೆಯ ನೆರಳಿನಲ್ಲಿ ಮಗುವಿಗೆ ಬಿಸ್ಕೀಟು ತಿನ್ನಿಸುತ್ತಿದ್ದ ಒಬ್ಬ ಹೆಣ್ಣುಮಗಳು ನನ್ನನ್ನು ಕೇಳಿದಳು, ‘ಯಪ್ಪಾ, ನಾವು ಈಗ ಯಾವ್ ರಾಜ್ಯದವರು?’ ಕರೀ ಕೋಟು ಹಾಕಿದವನಿಗೆ ಉತ್ತರ ಗೊತ್ತಿರುತ್ತದೆ ಅಂದುಕೊಂಡಿದ್ದಳು. ಸ್ವಂತ ದೇಶದ ಎರಡು ರಾಜ್ಯಗಳ ನಡುವೆ, ಕೆಲವೇ ದಿನಗಳ ಮಟ್ಟಿಗೆ ಇಷ್ಟಾಯಿತು.

ಇನ್ನು ಈ ಉಪನ್ಯಾಸದ ನಡುಮನೆಗೆ ಬರುತ್ತೇನೆ. 1948ರ ಕಥೆಯಲ್ಲಿ ನಾವು ಹೇಳುವ ಅರ್ಧ ಒಂದಿದೆ, ಬಾಯಿ ಬಿಡದ ಅರ್ಧ ಇನ್ನೊಂದಿದೆ. ಸೆಪ್ಟೆಂಬರ್ 13ಕ್ಕೆ ‘ಪೊಲೀಸ್ ಆ್ಯಕ್ಷನ್’ ಹೆಸರಿನಲ್ಲಿ ಭಾರತದ ಸೈನ್ಯ ಒಳಬಂತು, 17ಕ್ಕೆ ನಿಜಾಮರು ಶರಣಾದರು. ಅದು ಈಗ ನಮ್ಮ ಧ್ವಜ ಹಾರಿಸುವ ದಿನ. ಆಯಿಯಂಥವರು ಗಂಟು ಕಟ್ಟಿಕೊಂಡು ಊರಿಗೆ ಮರಳಿದರು. ಅದೇ ವಾರಗಳಲ್ಲಿ ಬೇರೆ ಗಂಟುಗಳು ಊರು ಬಿಟ್ಟವು. ನೆಹರೂ ಕಳಿಸಿದ ಪಂಡಿತ ಸುಂದರಲಾಲರ ಸಮಿತಿ ಬಂದು ನೋಡಿ, ಮುಸಲ್ಮಾನರ ಮೇಲೆ ಅತಿ ಹೆಚ್ಚು ಹಿಂಸೆ ನಡೆದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿಯನ್ನೂ ಹೆಸರಿಸಿತು. ಇಡೀ ಸಂಸ್ಥಾನದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರ ಎಂಬುದು ಅದರ ಅಂದಾಜು. ಆ ವರದಿ ದಶಕಗಳ ಕಾಲ ಕಪಾಟಿನಲ್ಲೇ ಇತ್ತು. ಉಳಿದವರು ಜೀವ ಹಿಡಿದುಕೊಂಡು ಹೈದರಾಬಾದ್ ನಗರಕ್ಕೆ ಓಡಿದರು. ಓಟದ ದಿಕ್ಕು ಬದಲಾಯಿತೇ ವಿನಾ ರೊಟ್ಟಿಯ ಗಂಟು ಅದೇ.

ಅವರ ನಡುವೆ ಒಂದು ಸಣ್ಣ ಗುಂಪಿನ ಕಥೆ ನಮ್ಮ ಇಂದಿನ ವಿಷಯಕ್ಕೆ ನೇರವಾಗಿ ತಾಗುತ್ತದೆ. ಹಿರಿಯರಿಗೆ ನೆನಪಿರಬಹುದು, ‘ಅರಬ ಬಂದ’ ಅಂದರೆ ಸಾಲ ಮಾಡಿದವರು ಹಿತ್ತಲ ಬಾಗಿಲಿನಿಂದ ಜಾಗ ಖಾಲಿ ಮಾಡುತ್ತಿದ್ದರು. ನಿಜಾಮರ ಸಂಸ್ಥಾನದಲ್ಲಿ ಅರಬ ಜಮಾದಾರರ ತುಕಡಿಗಳಿದ್ದವು. ಖಜಾನೆ ಕಾಯುವುದು, ವಸೂಲಿಗೆ ಬೆನ್ನಿಗೆ ನಿಲ್ಲುವುದು, ಜೊತೆಗೆ ಬಡ್ಡಿ ವ್ಯವಹಾರ. ರೋಹಿಲೆ, ಪಠಾಣರದೂ ಹೆಚ್ಚುಕಡಿಮೆ ಅದೇ ಉದ್ಯೋಗ. ಜನಕ್ಕೆ ಅವರ ಮೇಲೆ ಪ್ರೀತಿ ಇರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಈ ಅರಬರಲ್ಲಿ ಹೆಚ್ಚಿನವರು ಹದ್ರಮೌತಿನ ಮೂಲದವರು. ಅದು ಇಂದಿನ ಯೆಮನ್ ದೇಶದ ಪೂರ್ವಭಾಗ, ಆಗ ಏಡನ್ನಿನ ಬ್ರಿಟಿಷರ ರಕ್ಷಣೆಯಲ್ಲಿದ್ದ ಸುಲ್ತಾನರ ನಾಡು. ಸಂಬಂಧ ಎಷ್ಟು ಹಳೆಯದೆಂದರೆ, ಅಲ್ಲಿಯ ಮುಕಲ್ಲಾ ಬಂದರನ್ನು ಆಳಿದ ಕುಆಯಿತಿ ಸುಲ್ತಾನರ ಮನೆತನ ಮೇಲೆ ಬಂದದ್ದೇ ಹೈದರಾಬಾದಿನ ಜಮಾದಾರಿಯ ದುಡ್ಡಿನಿಂದ. ಹೈದರಾಬಾದ್ ಶಹರದ ಬಾರ್ಕಸ್ ಬಡಾವಣೆ ಅವರ ಬ್ಯಾರಕ್ಕುಗಳಿದ್ದ ಜಾಗ. ಆ ಹೆಸರೇ ಬಾಯಿಂದ ಬಾಯಿಗೆ ತಿರುಗಿ ಬಾರ್ಕಸ್ ಆಯಿತು.

ಪೊಲೀಸ್ ಆ್ಯಕ್ಷನ್ ಮುಗಿದ ಮೇಲೆ ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಮಿಲಿಟರಿ ಆಡಳಿತ ಇವರನ್ನು ಹೊರಗಿನವರೆಂದು ಎಣಿಸಿತು, ಹಿಡಿದು ಶಿಬಿರದಲ್ಲಿಟ್ಟಿತು, ‘ಅವರ ದೇಶಕ್ಕೆ’ ಕಳಿಸಲು ಹೊರಟಿತು. ಹೇಳುವುದು ಎಷ್ಟು ಸುಲಭ! ಅವರ ದೇಶ ಯಾವುದು? ಅಜ್ಜ ಬಂದದ್ದು ಹದ್ರಮೌತಿನಿಂದ, ಅಜ್ಜಿ ಇಲ್ಲಿಯವಳು, ಅಪ್ಪ ಹುಟ್ಟಿದ್ದು ಇಲ್ಲಿ, ಮಗ ಹುಟ್ಟಿದ್ದು ಇಲ್ಲಿ, ಮನೆಯ ಮಾತು ದಖನಿ. ಏಡನ್ನಿನ ಬ್ರಿಟಿಷ್ ಅಧಿಕಾರಿಗಳು ತಗೊಳ್ಳುವ ಕೈ ಚಾಚಲಿಲ್ಲ. ಅದಕ್ಕೆ ಕಾರಣವೂ ಇತ್ತು. 1948-49ರಲ್ಲಿ ಹದ್ರಮೌತಿನಲ್ಲಿ ಬರ ಬಿದ್ದಿತ್ತು. ಹೊರಗೆ ದುಡಿಯುವವರು ಕಳಿಸುವ ಹಣದ ಮೇಲೆ ಬದುಕುತ್ತಿದ್ದ ಆ ನಾಡಿಗೆ ಹಣ ಬರುವ ದಾರಿಗಳಲ್ಲಿ ಹೈದರಾಬಾದೂ ಒಂದು. ಹಣ ನಿಂತ ಹೊತ್ತಿಗೆ, ಹಣ ಕಳಿಸುತ್ತಿದ್ದವರನ್ನೇ ಅಲ್ಲಿಗೆ ಕಳಿಸುತ್ತೇವೆ ಅಂದರೆ ಯಾರು ಒಪ್ಪಿಯಾರು? ಕೆಲವರು ಹೋದರು, ಕೆಲವರು ಶಿಬಿರದಲ್ಲಿ ಕೊಳೆತರು. ಹಲವರು ಕಡೆಗೆ ಇಲ್ಲೇ ಉಳಿದರು, ಅವರ ಮೊಮ್ಮಕ್ಕಳು ಇವತ್ತು ಬಾರ್ಕಸ್ಸಿನಲ್ಲಿ ಅಂಗಡಿ ಇಟ್ಟಿದ್ದಾರೆ.

ಅದೇ ಹೊತ್ತಿನಲ್ಲಿ ದಿಲ್ಲಿಯಲ್ಲಿ ಸಂವಿಧಾನ ಸಭೆ ಕೂತು ಪೌರತ್ವದ ಕಲಮುಗಳನ್ನು ತಿದ್ದುತ್ತಿತ್ತು. 1949ರ ನವೆಂಬರ್ 26ರಂದೇ ಜಾರಿಗೆ ಬಂದ 5ನೆಯ ಅನುಚ್ಛೇದ, 1950ರ ಜನವರಿ 26ಕ್ಕೆ ಈ ನೆಲವನ್ನು ನೆಲೆ ಮಾಡಿಕೊಂಡವನು ಇಲ್ಲೇ ಹುಟ್ಟಿದ್ದರೆ ಅಥವಾ ಅವನ ತಂದೆತಾಯಿಯಲ್ಲಿ ಒಬ್ಬರು ಇಲ್ಲಿ ಹುಟ್ಟಿದ್ದರೆ ಅವನು ಪ್ರಜೆ ಅಂದಿತು. ಅಂದರೆ 1949ರಲ್ಲಿ ಹಡಗು ಹತ್ತಿದವನು ಪರದೇಶಿ, ಏನೋ ನೆಪದಿಂದ ಆ ಹಡಗು ತಪ್ಪಿಸಿಕೊಂಡ ಅವನ ತಮ್ಮ ಭಾರತದ ಪ್ರಜೆ! ಒಂದೇ ತಾಯಿಯ ಮಕ್ಕಳನ್ನು ಕಾನೂನು ಹೀಗೆ ಒಂದು ತಾರೀಖಿನ ಗೆರೆ ಎಳೆದು ಬೇರೆ ಮಾಡಬಲ್ಲದು. ಕಳಿಸುವ ಕೆಲಸಕ್ಕೆ ಅವಸರ ಮಾಡಬಾರದು ಎನ್ನಲು ನನಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಕ್ಕಿಲ್ಲ.

ಕಾನೂನಿನ ಕಡೆ ಸ್ವಲ್ಪ ಹೊರಳೋಣ. ಎರಡನೆಯ ಮಹಾಯುದ್ಧದ ನಂತರ 1951ರಲ್ಲಿ ನಿರಾಶ್ರಿತರ ಒಡಂಬಡಿಕೆ ಆಯಿತು. ಅದರ 33ನೆಯ ಕಲಮು ಹೇಳುವುದು ಒಂದೇ ಮಾತು: ಜೀವಕ್ಕೋ ಸ್ವಾತಂತ್ರ್ಯಕ್ಕೋ ಸಂಚಕಾರ ಇರುವ ಕಡೆಗೆ ಯಾವ ರೀತಿಯಿಂದಲೂ ದಬ್ಬಬೇಡಿ. ‘ಯಾವ ರೀತಿಯಿಂದಲೂ’ ಎಂಬಲ್ಲಿ ಇಡೀ ಜಗಳ ಇದೆ. ನೇರವಾಗಿ ದಬ್ಬುವುದು ತಪ್ಪು, ಸರಿ. ಇನ್ನೊಬ್ಬರ ಕೈಗೆ ಕೊಟ್ಟು, ಅವರು ದಬ್ಬಿದರೆ? ಭಾರತ ಆ ಒಡಂಬಡಿಕೆಗೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ನಮ್ಮಲ್ಲಿ ಬೇರೆ ಕಾಯ್ದೆಯೂ ಇಲ್ಲ. ನಮ್ಮ ಕೈಯಲ್ಲಿ ಇದ್ದದ್ದು ಬ್ರಿಟಿಷರು ಬಿಟ್ಟುಹೋದ 1946ರ ವಿದೇಶೀಯರ ಕಾಯ್ದೆ, ಅದರ ಜಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶೀಯರ ಕಾಯ್ದೆ ಬಂದಿದೆ. ಇದರ ಕಣ್ಣಿಗೆ ಪ್ರವಾಸಿ, ವ್ಯಾಪಾರಿ, ಜೀವಭಯದಿಂದ ಓಡಿಬಂದವನು ಮೂವರೂ ಒಂದೇ, ವಿದೇಶೀಯರು.

1955ರಲ್ಲಿ ಹ್ಯಾನ್ಸ್ ಮುಲ್ಲರ್ ಎಂಬ ಜರ್ಮನ್ ಪ್ರಜೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಿದೇಶೀಯನನ್ನು ಹೊರಹಾಕುವ ಸರಕಾರದ ಅಧಿಕಾರಕ್ಕೆ ಕಡಿವಾಣ ಇಲ್ಲ ಅಂದಿತು. ಅದೇ ತೀರ್ಪಿನಲ್ಲಿ ಹೊರಹಾಕುವುದು ಬೇರೆ, ಇನ್ನೊಂದು ಸರಕಾರಕ್ಕೆ ಹಿಡಿದು ಒಪ್ಪಿಸುವುದು ಬೇರೆ ಎಂಬ ವ್ಯತ್ಯಾಸವನ್ನೂ ಮಾಡಿತು. ನಮ್ಮ ಭಾಷೆಯಲ್ಲಿ ಹೇಳಿದರೆ, ಮನೆಯಿಂದ ಹೊರಡು ಅನ್ನುವುದು ಒಂದು, ಇಂಥವರ ಹವಾಲಿ ಮಾಡುವುದು ಇನ್ನೊಂದು. ಮುಂದೆ 1996ರಲ್ಲಿ ಅರುಣಾಚಲದ ಚಕ್ಮಾ ಜನರ ವಿಷಯದಲ್ಲಿ ಅದೇ ನ್ಯಾಯಾಲಯ, ಜೀವದ ಹಕ್ಕು ಕೊಡುವ ಸಂವಿಧಾನದ 21ನೆಯ ಅನುಚ್ಛೇದ ಪ್ರಜೆಗಷ್ಟೇ ಅಲ್ಲ, ಈ ನೆಲದ ಮೇಲೆ ನಿಂತ ಪ್ರತಿ ಮನುಷ್ಯನಿಗೂ ಇದೆ ಅಂದಿತು. 1998ರಲ್ಲಿ ಗುಜರಾತ್ ಹೈಕೋರ್ಟು ಇಬ್ಬರು ಇರಾಕಿಗಳನ್ನು ಅಪಾಯದ ಬಾಯಿಗೆ ಕಳಿಸದಂತೆ ಅದೇ ಅನುಚ್ಛೇದದ ಆಸರೆ ಪಡೆಯಿತು. 2021ರ ಏಪ್ರಿಲ್ 8ಕ್ಕೆ, ಮ್ಯಾನ್ಮಾರಿನಿಂದ ಓಡಿಬಂದು ಜಮ್ಮುವಿನಲ್ಲಿದ್ದ ರೋಹಿಂಗ್ಯಾಗಳ ಅರ್ಜಿಯಲ್ಲಿ ಮಾತ್ರ ಸುಪ್ರೀಂ ಕೋರ್ಟಿನ ತಕ್ಕಡಿ ಇನ್ನೊಂದು ಕಡೆ ವಾಲಿತು. ಜೀವದ ಹಕ್ಕು ಎಲ್ಲರಿಗೂ ಉಂಟು, ಆದರೆ ಗಡಿಪಾರಾಗದೆ ಇಲ್ಲೇ ಇರುವ ಹಕ್ಕು ಪ್ರಜೆಯದು ಮಾತ್ರ, ನಿಗದಿಯಾದ ಕ್ರಮ ಅನುಸರಿಸಿ ಕಳಿಸಬಹುದು ಎಂದಿತು. ಜೀವ ಉಳಿಸಿಕೋ, ಆದರೆ ನಿಲ್ಲುವ ಜಾಗ ಕೇಳಬೇಡ ಅಂದರೆ ಆ ಜೀವ ಎಲ್ಲಿ ಕಾಲೂರಬೇಕು ಎಂಬುದು ವಕೀಲನಾಗಿ ನನಗೆ ಇನ್ನೂ ಬಗೆಹರಿದಿಲ್ಲ.

‘ನಿಗದಿಯಾದ ಕ್ರಮ’ ಅಂದರೇನು? ಸಿಕ್ಕಿಬಿದ್ದವನು ಯಾವ ದೇಶದವನು ಅಂತ ಅವನ ದೇಶದ ರಾಯಭಾರ ಕಚೇರಿಗೆ ಬರೆಯಬೇಕು. ಅವರು ಊರು, ಮನೆ, ತಂದೆಯ ಹೆಸರು ತಪಾಸಣೆ ಮಾಡಿ ‘ಹೌದು, ನಮ್ಮವ’ ಅನ್ನಬೇಕು. ಪ್ರಯಾಣದ ಕಾಗದ ಕೊಡಬೇಕು. ರೋಹಿಂಗ್ಯಾಗಳನ್ನು ಮ್ಯಾನ್ಮಾರ್ 1982ರ ಕಾಯ್ದೆಯಿಂದ ತನ್ನ ಪ್ರಜೆಗಳ ಪಟ್ಟಿಯಿಂದಲೇ ಹೊರಗಿಟ್ಟಿದೆ. ‘ನಮ್ಮವ’ ಎನ್ನುವ ಬಾಯಿ ಅಲ್ಲಿ ಇಲ್ಲ. ಹೀಗಿದ್ದೂ 2018ರ ಅಕ್ಟೋಬರಿನಲ್ಲಿ ಅಸ್ಸಾಮಿನ ಸಿಲ್ಚರ್ ಜೈಲಿನಲ್ಲಿದ್ದ ಏಳು ಮಂದಿ ರೋಹಿಂಗ್ಯಾಗಳನ್ನು ಮಣಿಪುರದ ಮೋರೆ ಗಡಿಯಲ್ಲಿ ಮ್ಯಾನ್ಮಾರಿಗೆ ಒಪ್ಪಿಸಲಾಯಿತು.

ನಮ್ಮ ರಾಜ್ಯದ ಲೆಕ್ಕವೂ ಬೇಕಲ್ಲ. ಬೆಂಗಳೂರಿನಲ್ಲಿ ಹಿಡಿದ 59 ಮಂದಿಯನ್ನು ಬಾಂಗ್ಲಾದೇಶದವರೆಂದು 2019ರ ನವೆಂಬರಿನಲ್ಲಿ ರೈಲಿನಲ್ಲಿ ಹಾವಡಾದವರೆಗೆ ಒಯ್ದರು. ಅದೇ ಹೊತ್ತಿಗೆ ನೆಲಮಂಗಲದ ಹತ್ತಿರ ಸೊಂಡೆಕೊಪ್ಪದಲ್ಲಿ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ಲಾಗಿದ್ದ ಕಟ್ಟಡವನ್ನು ವಿದೇಶೀಯರ ಬಂಧನ ಕೇಂದ್ರ ಮಾಡಲಾಯಿತು. ಬಡ ಹುಡುಗರು ಓದಲು ಕಟ್ಟಿದ ಕೋಣೆಗೆ ಮುಳ್ಳುತಂತಿ ಬಂತು. 2020ರ ಮೇ ತಿಂಗಳಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಕೆ.ಎನ್. ಫಣೀಂದ್ರ ಅವರು ಬಾಬುಲ್ ಖಾನ್ ಪ್ರಕರಣದಲ್ಲಿ, ಇಂಥವರನ್ನು ಎಲ್ಲಿಡಬೇಕು, ಹೆಂಗಸರು ಮಕ್ಕಳನ್ನು ಹೇಗೆ ನೋಡಿಕೊಳ್ಳಬೇಕು ಎಂದು ವಿವರವಾದ ಮಾರ್ಗಸೂಚಿ ಬರೆದರು. ನಾನು ಓದಿದ ತೀರ್ಪುಗಳಲ್ಲಿ ತಾಳ್ಮೆಯಿಂದ ಬರೆದ ಒಂದು ಅದು. 2021ರ ಅಕ್ಟೋಬರಿನಲ್ಲಿ ರಾಜ್ಯ ಸರಕಾರ ಸುಪ್ರೀಂ ಕೋರ್ಟಿಗೆ, ಬೆಂಗಳೂರಿನಲ್ಲಿ ಗುರುತಿಸಿದ 72 ರೋಹಿಂಗ್ಯಾಗಳಿದ್ದಾರೆ, ತಕ್ಷಣ ಕಳಿಸುವ ಯೋಜನೆ ಇಲ್ಲ ಎಂದು ಪ್ರಮಾಣಪತ್ರ ಕೊಟ್ಟಿತು. ಗದ್ದಲವಾದಾಗ ಕೆಲವೇ ದಿನಗಳಲ್ಲಿ ಅದನ್ನು ತಿದ್ದಿ, ನ್ಯಾಯಾಲಯ ಹೇಳಿದಂತೆ ನಡೆಯುತ್ತೇವೆ ಎಂದು ಬರೆದುಕೊಟ್ಟಿತು. 72 ಮಂದಿ! ನಮ್ಮೂರಿನ ಒಂದು ಮದುವೆಯ ಮೊದಲ ಪಂಕ್ತಿಗೂ ಸಾಲದು.

ಇನ್ನು ಹೊರದೇಶಗಳು. ಆಸ್ಟ್ರೇಲಿಯಾ 2001ರಿಂದ ದೋಣಿಯಲ್ಲಿ ಬಂದವರನ್ನು ನೌರು ದ್ವೀಪಕ್ಕೆ ಕಳಿಸಿತು. ಆ ದೇಶದ ವಿಸ್ತೀರ್ಣ 21 ಚದರ ಕಿಲೋಮೀಟರು. ಆಳಂದದಿಂದ ಕಲಬುರಗಿಗೆ ಹೋಗುವಷ್ಟು ದಾರಿ ನಡೆದರೆ ಆ ಇಡೀ ದೇಶಕ್ಕೆ ಎರಡು ಪ್ರದಕ್ಷಿಣೆ ಹಾಕಬಹುದು. ಪಾಪುವಾ ನ್ಯೂಗಿನಿಯ ಮಾನುಸ್ ದ್ವೀಪದಲ್ಲಿ ಇನ್ನೊಂದು ಶಿಬಿರ ಮಾಡಿದರು. 2016ರ ಏಪ್ರಿಲಿನಲ್ಲಿ ಆ ದೇಶದ ಸುಪ್ರೀಂ ಕೋರ್ಟೇ, ನಮ್ಮ ಸಂವಿಧಾನದಲ್ಲಿ ತಪ್ಪು ಮಾಡದವರನ್ನು ಹೀಗೆ ಕೂಡಿಹಾಕಲು ಜಾಗವಿಲ್ಲ ಅಂದಿತು. ಅದಕ್ಕೂ ಮೊದಲು 2011ರಲ್ಲಿ ಮಲೇಶಿಯಾಕ್ಕೆ 800 ಮಂದಿಯನ್ನು ಕೊಟ್ಟು 4,000 ನಿರಾಶ್ರಿತರನ್ನು ತಗೊಳ್ಳುವ ಕರಾರು ಮಾಡಿಕೊಂಡಿದ್ದರು. ಆಸ್ಟ್ರೇಲಿಯಾದ ಹೈಕೋರ್ಟು ಅದನ್ನು ಮುರಿಯಿತು. ಮಲೇಶಿಯಾ ಒಳ್ಳೆಯದೋ ಕೆಟ್ಟದ್ದೋ ಎಂಬುದು ಪ್ರಶ್ನೆಯಲ್ಲ, ಬಂದವರನ್ನು ಕಾಯಲೇಬೇಕೆಂಬ ಕಾನೂನಿನ ಕಟ್ಟು ಆ ದೇಶಕ್ಕೆ ಇಲ್ಲ ಎಂಬುದು ಅದರ ತರ್ಕ. ಒಳ್ಳೆಯ ಮನಸ್ಸಿನ ಮೇಲೆ ಅಲ್ಲ, ಬರೆದ ಮಾತಿನ ಮೇಲೆ ಹವಾಲಿ ಮಾಡಬೇಕು. ಈ ತಕ್ಕಡಿಯಲ್ಲಿ ಭಾರತವನ್ನು ಇಟ್ಟರೆ ಮುಳ್ಳು ಎಲ್ಲಿ ನಿಲ್ಲುತ್ತದೆಂದು ನೀವೇ ಯೋಚಿಸಿ.

ಬ್ರಿಟನ್ನಿನ ಕಥೆ ಕೇಳಲು ಮಜಾ, ಉಂಡವರಿಗೆ ಸಂಕಟ. ಫ್ರಾನ್ಸಿನಿಂದ ಸಣ್ಣ ದೋಣಿಗಳಲ್ಲಿ ಬಂದವರನ್ನು ಆಫ್ರಿಕಾದ ರುವಾಂಡಕ್ಕೆ ಕಳಿಸುವ ಕರಾರು 2022ರ ಏಪ್ರಿಲಿನಲ್ಲಾಯಿತು. ಹೋದವರ ಅರ್ಜಿಯನ್ನು ರುವಾಂಡವೇ ಕೇಳುತ್ತದೆ, ಗೆದ್ದರೂ ಅಲ್ಲೇ ಇರಬೇಕು. ಜೂನ್ 14ಕ್ಕೆ ವಿಮಾನ ಸಿದ್ಧವಾಗಿ ನಿಂತಿತ್ತು, ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ತಡೆಯಿಂದ ಹಾರಲಿಲ್ಲ. 2023ರ ನವೆಂಬರ್ 15ಕ್ಕೆ ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಇದು ಸಲ್ಲದು ಅಂದರು. ಬೇರೆ ದೇಶಕ್ಕೆ ಕಳಿಸುವುದೇ ತಪ್ಪು ಅಂತ ಅವರು ಹೇಳಲಿಲ್ಲ, ಇದನ್ನು ಗಮನಿಸಬೇಕು. ರುವಾಂಡ ಇವರನ್ನು ಓಡಿಬಂದ ಊರಿಗೇ ಮರಳಿ ದಬ್ಬುವ ಅಪಾಯ ಇದೆ ಅಂದರು. ಹಾಗೆನ್ನಲು ಹಳೆಯ ಲೆಕ್ಕ ಇತ್ತು. ಇದಕ್ಕೆ ಮುಂಚೆ ಇಸ್ರೇಲ್ ಕೂಡ ಎರಿಟ್ರಿಯ, ಸುಡಾನಿನವರನ್ನು ರುವಾಂಡಕ್ಕೆ ಕಳಿಸಿತ್ತು. ಹೋದವರಲ್ಲಿ ಹಲವರನ್ನು ಗುಟ್ಟಾಗಿ ಉಗಾಂಡಕ್ಕೆ ದಾಟಿಸಲಾಗಿತ್ತು. ಒಂದು ಸಲ ಕೊಟ್ಟ ಹಸುವನ್ನು ಸಂತೆಯಲ್ಲಿ ಮಾರಿ ಬಂದವನ ಕೈಗೆ ಮತ್ತೆ ಹಸು ಕೊಡುತ್ತೀರಾ?

ಸರಕಾರ ಸೋಲೊಪ್ಪಲಿಲ್ಲ. 2024ರ ಏಪ್ರಿಲಿನಲ್ಲಿ ‘ರುವಾಂಡ ಸುರಕ್ಷಿತ ದೇಶ’ ಎಂದು ಪಾರ್ಲಿಮೆಂಟಿನಲ್ಲಿ ಕಾಯ್ದೆಯನ್ನೇ ಮಾಡಿತು. ಸವುಳು ಬಾವಿಯ ನೀರನ್ನು ಪಂಚಾಯತಿಯವರು ಠರಾವು ಮಾಡಿ ಸಿಹಿ ಅಂದ ಹಾಗೆ. ಜುಲೈನಲ್ಲಿ ಸರಕಾರ ಬದಲಾಗಿ ಯೋಜನೆ ಬಿದ್ದುಹೋಯಿತು. ಹೊಸ ಗೃಹ ಸಚಿವೆ ಇವೆಟ್ ಕೂಪರ್ ಲೆಕ್ಕ ಹೇಳಿದರು: ಖರ್ಚಾದದ್ದು 70 ಕೋಟಿ ಪೌಂಡ್, ನಮ್ಮ ರೂಪಾಯಿಯಲ್ಲಿ ಏಳು ಸಾವಿರ ಕೋಟಿಗೂ ಮೇಲೆ. ರುವಾಂಡಕ್ಕೆ ಹೋದವರು ನಾಲ್ಕು ಮಂದಿ, ಅವರೂ ತಾವಾಗಿ ಒಪ್ಪಿ ಹೋದವರು. ಅಮೆರಿಕದವರು 2025ರ ಫೆಬ್ರುವರಿಯಲ್ಲಿ 299 ಮಂದಿಯನ್ನು ಪನಾಮಾಕ್ಕೆ ಹಾರಿಸಿದರು, ಅವರಲ್ಲಿ ಭಾರತೀಯರೂ ಇದ್ದರು. ಹೋಟೆಲಿನ ಕಿಟಕಿ ಗಾಜಿಗೆ ಕಾಗದ ಒತ್ತಿ ಹಿಡಿದು, ಕಾಪಾಡಿ ಅಂತ ಬರೆದು ತೋರಿಸಿದ ಚಿತ್ರಗಳನ್ನು ಪತ್ರಿಕೆಯಲ್ಲಿ ನೋಡಿರುತ್ತೀರಿ. ತಾವು ಯಾವ ದೇಶದಲ್ಲಿ ಇದ್ದೇವೆಂಬುದು ಅವರಲ್ಲಿ ಕೆಲವರಿಗೆ ಇಳಿದ ಮೇಲೆಯೇ ತಿಳಿಯಿತು.

ಹಾಗಾದರೆ ಬಂದವರನ್ನೆಲ್ಲ ಇಟ್ಟುಕೊಳ್ಳಬೇಕೇ ಎಂದು ನೀವು ಕೇಳುತ್ತೀರಿ. ನಾನು ಹಾಗೆ ಹೇಳುವವನಲ್ಲ. ಅರ್ಜಿ ಕೇಳಿ, ಸುಳ್ಳಾದರೆ, ಅವನ ದೇಶ ‘ನಮ್ಮವ’ ಅಂದರೆ, ಕಳಿಸಲಿ. ಕೇಳದೆ ಕಳಿಸುವುದನ್ನು ಮಾತ್ರ ಒಪ್ಪಲಾರೆ. ಯಾಕೆಂದರೆ ಅವಸರದ ಕೈ ಯಾರನ್ನು ಹಿಡಿದೀತು ಅಂತ ಹೇಳಲು ಬರುವುದಿಲ್ಲ. 2025ರ ಜೂನಿನಲ್ಲಿ ದಿಲ್ಲಿಯಲ್ಲಿ ಚಿಂದಿ ಆಯ್ದು ಬದುಕುತ್ತಿದ್ದ, ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಒಬ್ಬ ಬಸುರಿ ಹೆಣ್ಣುಮಗಳನ್ನು ಗಂಡ, ಮಗನ ಜೊತೆ ಬಾಂಗ್ಲಾದೇಶದವರೆಂದು ಗಡಿಯಾಚೆ ದಬ್ಬಿದರು. ಆ ಕಡೆಯವರು ಅಕ್ರಮವಾಗಿ ನುಸುಳಿದ್ದಾರೆಂದು ಜೈಲಿಗೆ ಹಾಕಿದರು. ಸೆಪ್ಟೆಂಬರಿನಲ್ಲಿ ಕಲ್ಕತ್ತ ಹೈಕೋರ್ಟು, ನಾಲ್ಕು ವಾರದಲ್ಲಿ ವಾಪಸು ಕರೆತನ್ನಿ ಅಂದಿತು. ಅವಳು ಮರಳಿ ಮಣ್ಣು ಮುಟ್ಟಿದ್ದು ಡಿಸೆಂಬರಿನಲ್ಲಿ, ಆಗ ದಿನ ತುಂಬುತ್ತಿತ್ತು. ಬಂಗಾಳಿ ಆಡಿದ್ದಕ್ಕೆ ಇಷ್ಟಾಯಿತು. ನಮ್ಮ ತಾಂಡಾ, ಹಟ್ಟಿಗಳಿಂದ ಕಬ್ಬು ಕಡಿಯಲು, ಗಾರೆ ಕೆಲಸಕ್ಕೆ ದೂರದ ಊರಿಗೆ ಹೋಗುವವರ ಪೆಟ್ಟಿಗೆಯಲ್ಲಿ ಆಧಾರ್ ಕಾರ್ಡಿನ ಒಂದು ಜೆರಾಕ್ಸ್ ಬಿಟ್ಟರೆ ಇನ್ನೇನು ಕಾಗದ ಇರುತ್ತದೆ ಹೇಳಿ.

ತಗೊಳ್ಳುವ ಕೈಯ ಉದಾಹರಣೆಗೆ ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಭಾಗದ ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ ಆರ್‌.ಎಚ್., ಅಂದರೆ ಪುನರ್ವಸತಿ, ಕ್ಯಾಂಪುಗಳಿವೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳು, ಹೆಚ್ಚಿನವರು ನಾಮಶೂದ್ರರು. ನೀರು ತುಂಬಿದ ನಾಡಿನವರನ್ನು ತಂದು ಕರಿಮಣ್ಣಿನಲ್ಲಿ ಬಿಟ್ಟರು. ತುಂಗಭದ್ರಾ ಕಾಲುವೆ ಇತ್ತು, ಅವರು ಭತ್ತ ಬೆಳೆದರು, ಕನ್ನಡ ಕಲಿತರು. ಪೌರತ್ವದ ಕಾಗದಕ್ಕೆ ಮಾತ್ರ ಅವರಲ್ಲಿ ಕೆಲವರು ಅರ್ಧ ಶತಮಾನ ಕಾದರು. ಬೈಲಕುಪ್ಪೆಯಲ್ಲಿ 1960ರ ಸುಮಾರಿಗೆ ಮೈಸೂರು ಸರಕಾರ ಟಿಬೆಟಿನವರಿಗೆ 3,000 ಎಕರೆ ಕೊಟ್ಟಿತು. ಕಾಡು, ಆನೆ, ಕಾಯಿಲೆಗಳ ನಡುವೆ ಅವರು ಮುಸುಕಿನ ಜೋಳ ಬಿತ್ತಿದರು. ಇವೆರಡಕ್ಕೂ ಪ್ರತ್ಯೇಕ ಉಪನ್ಯಾಸ ಬೇಕು, ಇನ್ನೊಮ್ಮೆ ಕರೆದರೆ ಬರುತ್ತೇನೆ.

ದುಧನಿಯ ಬೇವಿನ ಗಿಡ ಬಾಕಿ ಉಳಿಯಿತು. ‘ಈ ಕಡಿ ನಿಮ್ಮವರು ಯಾರ ಅದಾರ?’ ಎಂದು ಕೇಳಿದಾಗ ಆಯಿಯ ಬಾಯಿಂದ ಮಾತು ಹೊರಡಲಿಲ್ಲ. ಅವಳಿಗೆ ಆ ಸೀಮೆಯಲ್ಲಿ ಒಂದು ನಾಯಿಯ ಪರಿಚಯವೂ ಇರಲಿಲ್ಲ. ಬರೆಯುವವನು ಪೆನ್ನು ಎತ್ತಿ ಹಿಡಿದು ಕಾದ. ಹಿಂದೆ ನೀರಿನ ಕೊಡ ಹೊತ್ತು ನಿಂತಿದ್ದ ಒಬ್ಬಾಕೆ, ಕೊಡ ಇಳಿಸದೆಯೇ, ‘ನಮ್ಮವರ ಅದಾರ, ಬರಕೊ’ ಅಂದಳಂತೆ. ಅವನು ಬರೆದುಕೊಂಡ. ಊರಿಗೆ ಮರಳುವ ತನಕ ನಾಲ್ಕು ತಿಂಗಳು ಆಯಿ ಇದ್ದದ್ದು ಆಕೆಯ ದನದ ಕೊಟ್ಟಿಗೆಯ ಪಡಸಾಲೆಯಲ್ಲಿ. ಅಕ್ಕಾ ಅಕ್ಕಾ ಅಂತಲೇ ಕರೆದದ್ದು. ನಿಜವಾದ ಹೆಸರೇನೆಂದು ಕೇಳಲೇ ಇಲ್ಲವಲ್ಲ ಅಂತ ಆಯಿ ಸಾಯುವ ತನಕ ಹಳಹಳಿಸುತ್ತಿದ್ದಳು.